ಸ್ಪ್ರಿಂಗು ಬಂತು, ಕಳ್ಳ ಬರಲಿಲ್ಲ

ಅಮೆರಿಕದಲ್ಲಿ ಮನೆಯೊಳಗೆ ಪಿಸ್ತೂಲು ಇಟ್ಟುಕೊಂಡ ಗೃಹಸ್ಥನಿಗೆ ಕಳ್ಳನ ಹೆದರಿಕೆ ಇರುತ್ತದೆ ಎಂದು ನಾವೆಲ್ಲ ತಿಳಿದಿದ್ದೇವೆ. ಹಾಗೇನಿಲ್ಲ. ಕಳ್ಳ ಯಾವಾಗ ಬಂದಾನು ಎಂದು ಆತ ಬಾಗಿಲು ಕಾಯುತ್ತ ಕೂತಿದ್ದಾನೆ. ಆತನ ನಿದ್ದೆ ಕೆಡಿಸಿರುವುದು ಬೆರಳುದ್ದದ ಒಂದು ಉಕ್ಕಿನ ಕಡ್ಡಿ. ಅದರ ಹೆಸರು ಎಕ್ಸ್‌ಟ್ರಾಕ್ಟರ್. ಸುಟ್ಟ ತೋಟಾದ ಚಿಪ್ಪನ್ನು ಹೊರಗೆಳೆಯುವುದು ಅದರ ಕೆಲಸ. ಕಳ್ಳ ಬಂದ ರಾತ್ರಿಯೇ ಅದು ಮುರಿದರೆ?

ಆ ದೇಶದಲ್ಲಿ ಜನರಿಗಿಂತ ಬಂದೂಕುಗಳೇ ಹೆಚ್ಚು. ಜಿನೀವಾದ ಸ್ಮಾಲ್ ಆರ್ಮ್ಸ್ ಸರ್ವೇ ಸಂಸ್ಥೆ 2017ಕ್ಕೆ ಕಟ್ಟಿದ ಅಂದಾಜು 39 ಕೋಟಿಗೂ ಮೇಲೆ. ನೂರು ಜನಕ್ಕೆ ನೂರಿಪ್ಪತ್ತು. ಒಂದು ಕೆಟ್ಟರೆ ಪಕ್ಕದ ಕಪಾಟಿನದ್ದು ತೆಗೆದರಾಯಿತಲ್ಲ ಎನ್ನುವವನಿಗೆ ಈ ವ್ರತದ ಮರ್ಮ ತಿಳಿಯದು. ಪಕ್ಕದ ಕಪಾಟಿನದ್ದಕ್ಕೂ ಒಂದು ಎಕ್ಸ್‌ಟ್ರಾಕ್ಟರ್ ಉಂಟು. ಅದಕ್ಕೂ ಆಯುಷ್ಯ ಉಂಟು.

ಬಿಡಿಭಾಗ ಭಕ್ತರ ಇಷ್ಟದೈವ 1911 ಎಂಬ ಪಿಸ್ತೂಲು. ಜಾನ್ ಬ್ರೌನಿಂಗ್ ರೂಪಿಸಿದ ಇದನ್ನು ಅಮೆರಿಕದ ಸೈನ್ಯ ಅದೇ ಇಸವಿಯ ಮಾರ್ಚಿನಲ್ಲಿ ಒಪ್ಪಿಕೊಂಡಿತು, 1985ರವರೆಗೆ ಸೊಂಟದಲ್ಲಿ ಇಟ್ಟುಕೊಂಡಿತು. ಒಪ್ಪುವ ಮೊದಲು ಎರಡು ದಿನ ಬಿಡದೆ 6000 ಗುಂಡು ಹಾರಿಸಿ ಪರೀಕ್ಷಿಸಿದರು. ಕಾದು ಕೆಂಡವಾದಾಗ ನೀರಿಗೆ ಅದ್ದಿ ತೆಗೆದು ಮತ್ತೆ ಹಾರಿಸಿದರು. ಒಮ್ಮೆಯೂ ಕೈಕೊಡಲಿಲ್ಲ ಎಂಬುದು ಅದರ ಸ್ಥಳಮಹಾತ್ಮೆ. ಈ ಕಥೆಯನ್ನು ಗದ್ಗದಿತನಾಗಿ ಹೇಳುವವನ ಮನೆಯಲ್ಲೇ ಬಿಡಿಭಾಗಗಳ ಡಬ್ಬಿ ಎತ್ತಲಾರದಷ್ಟು ಭಾರ.

ಡಬ್ಬಿಯಲ್ಲಿ ಏನಿರಬೇಕು ಎಂಬ ಪ್ರಶ್ನೆಗೆ ಕಾರ್ಖಾನೆಯ ಕೈಪಿಡಿಯ ಉತ್ತರ ಗಿರಾಕಿಗೆ ಅವಮಾನವಾಗುವಷ್ಟು ಚಿಕ್ಕದು: ಹಿಮ್ಮೆಟ್ಟುವ ಸ್ಪ್ರಿಂಗನ್ನು ಕೆಲವು ಸಾವಿರ ಗುಂಡಿಗೊಮ್ಮೆ ಬದಲಿಸಿ, ಎಣ್ಣೆ ಹಾಕಿ. ಇಷ್ಟಕ್ಕೇ ಸುಮ್ಮನಾದರೆ ಹವ್ಯಾಸ ಎಲ್ಲಿ ಉಳಿಯಿತು? ಆದ್ದರಿಂದ ಸ್ಪ್ರಿಂಗಿನಲ್ಲೇ ಶಾಖೆಗಳು ಹುಟ್ಟಿವೆ. ಕಾರ್ಖಾನೆಯ ಲೆಕ್ಕ 16 ಪೌಂಡು. ಹದಿನೆಂಟೂವರೆ ಬೇಕೆನ್ನುವವರದು ಒಂದು ಮಠ, ಹನ್ನೆರಡು ಸಾಕೆನ್ನುವ ಪಂದ್ಯದವರದು ಇನ್ನೊಂದು. ಒಬ್ಬರ ಮನೆಯಲ್ಲಿ ಇನ್ನೊಬ್ಬರು ನೀರು ಮುಟ್ಟುವುದಿಲ್ಲ. ಸ್ಪ್ರಿಂಗನ್ನು ಹಿಡಿದಿಡುವ ಪುಟ್ಟ ಮುಚ್ಚಳವೊಂದಿದೆ. ಬಿಚ್ಚುವಾಗ ಹೆಬ್ಬೆರಳು ಜಾರಿತೋ, ಅದು ಕೋಣೆಯನ್ನು ಅಡ್ಡಹಾಯ್ದು ಸೋಫಾದಡಿ ಸೇರುತ್ತದೆ. ಈ ಪಿಸ್ತೂಲಿನಿಂದ ಮನೆಯೊಳಗೆ ಹಾರುವುದು ಬಹುಪಾಲು ಇದೊಂದೇ. ಇದೊಂದನ್ನು ಹೆಚ್ಚಿಗೆ ಇಟ್ಟುಕೊಳ್ಳುವುದು ನ್ಯಾಯ ಎಂದು ನಾನೂ ಒಪ್ಪುತ್ತೇನೆ. ಉಳಿದದ್ದಕ್ಕೆಲ್ಲ ಅವರಲ್ಲೊಂದು ಸೂತ್ರವಿದೆ: ಎರಡಿದ್ದರೆ ಒಂದಿದ್ದ ಹಾಗೆ, ಒಂದಿದ್ದರೆ ಇಲ್ಲದ ಹಾಗೆ. ಈ ಗಣಿತದಲ್ಲಿ ಎರಡು ಬೇಕಾದವನು ನಾಲ್ಕು ಕೊಳ್ಳಬೇಕು. ನಾಲ್ಕು ಕೈಗೆ ಬಂದ ಮೇಲೆ ಅದನ್ನು ಎರಡೆಂದು ಎಣಿಸಿ ಕಂಗಾಲಾಗಬೇಕು.

ಡಬ್ಬಿ ತುಂಬಿದವನಿಗೆ ಎರಡನೆಯ ಆಘಾತ ಕಾದಿರುತ್ತದೆ. ‘ಡ್ರಾಪ್ ಇನ್’ ಎಂದು ಮುದ್ರಿಸಿದ ಪೊಟ್ಟಣದಿಂದ ಹೊಸ ಎಕ್ಸ್‌ಟ್ರಾಕ್ಟರ್ ತೆಗೆದು ಒಳಗೆ ಬಿಟ್ಟರೆ ಅದು ಒಳಗೆ ಹೋಗುವುದಿಲ್ಲ. ಹೋದರೂ ಬಿಗಿ ಸರಿಯಿಲ್ಲ. ಹೊರಗೆ ತೆಗೆದು, ತುಸು ಬಗ್ಗಿಸಿ, ಮತ್ತೆ ತೂರಿಸಿ ನೋಡಬೇಕು. ಪೊಟ್ಟಣದ ಮೂಲೆಯಲ್ಲಿ ಇರುವೆಸಾಲಿನಂಥ ಅಕ್ಷರಗಳಲ್ಲಿ ‘ನುರಿತ ಕೈಯಿಂದ ಹೊಂದಿಸಿಕೊಳ್ಳತಕ್ಕದ್ದು’ ಎಂದಿರುತ್ತದೆ. ಅಂದರೆ ಅರ ಹಿಡಿದು ಉಜ್ಜುವವನು ಬೇಕು. ಕಳ್ಳ ಬಂದ ರಾತ್ರಿ, ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಅರ. ಕಳ್ಳನನ್ನು ಅಷ್ಟು ಹೊತ್ತು ಕೂರಿಸಿ ಕಾಫಿ ಕೊಡುವವರು ಯಾರು?

ಇದಕ್ಕೆ ಇಂದಿನ ವ್ಯಾಪಾರಿಗಳನ್ನು ಬೈಯುವುದು ತರವಲ್ಲ, ಪರಂಪರೆ ದೊಡ್ಡದು. ಯಾವ ಭಾಗ ಯಾವ ಬಂದೂಕಿಗಾದರೂ ಕೂರಬೇಕು ಎಂಬ ಕಲ್ಪನೆ ಅಮೆರಿಕದಲ್ಲಿ ಬೇರೂರಿದ್ದೇ ಬಂದೂಕಿನ ಕಂಟ್ರಾಕ್ಟಿನಿಂದ. ಹತ್ತಿ ಬಿಡಿಸುವ ಯಂತ್ರದಿಂದ ಹೆಸರಾದ ಎಲೈ ವಿಟ್ನಿ 1798ರಲ್ಲಿ ಸರ್ಕಾರಕ್ಕೆ 10,000 ಕೋವಿಗಳನ್ನು ಎರಡು ವರ್ಷದಲ್ಲಿ ಮಾಡಿಕೊಡುವುದಾಗಿ ಕರಾರು ಬರೆದುಕೊಟ್ಟ. ಕೈಯಲ್ಲಿ ಕಾರ್ಖಾನೆಯೇ ಇರಲಿಲ್ಲ. ಗಡುವು ಮೀರಿ, ಕೋವಿ ಬಾರದೆ, ದೊಡ್ಡವರ ಹುಬ್ಬು ಗಂಟಾದಾಗ 1801ರಲ್ಲಿ ರಾಜಧಾನಿಗೆ ಹೋಗಿ ಜೆಫರ್ಸನ್ ಮೊದಲಾದವರ ಮುಂದೆ ಒಂದು ಪ್ರದರ್ಶನ ಕೊಟ್ಟ. ಮದ್ದಿಗೆ ಕಿಡಿ ತಾಕಿಸುವ ಬೇರೆ ಬೇರೆ ಲಾಕುಗಳನ್ನು ಎತ್ತಿ, ಸ್ಕ್ರೂಡ್ರೈವರ್ ಒಂದರಿಂದಲೇ ಕೋವಿಗೆ ಕೂರಿಸಿ ತೋರಿಸಿದ. ಸಭೆ ತಲೆದೂಗಿತು. ವಾಯಿದೆ ಬೆಳೆಯಿತು. ಕೊನೆಯ ಕೋವಿ ಸರ್ಕಾರದ ಕೈ ಸೇರಿದ್ದು 1809ರಲ್ಲಿ. ಮುಂದೆ ಇತಿಹಾಸಕಾರರು ಉಳಿದಿದ್ದ ವಿಟ್ನಿ ಕೋವಿಗಳನ್ನು ಬಿಚ್ಚಿ ನೋಡಿದಾಗ ಒಂದರ ಭಾಗ ಇನ್ನೊಂದಕ್ಕೆ ಕೂರಲೊಲ್ಲದು. ಒಳಗೆ ಯಾವುದು ಯಾವುದಕ್ಕೆ ಎಂಬ ಗುರುತು ಬೇರೆ. ಹೇಳಿದ ಮಾತನ್ನು ನಿಜವಾಗಿ ನಡೆಸಿದವನು ಜಾನ್ ಹಾಲ್, 1820ರ ದಶಕದಲ್ಲಿ, ಹಾರ್ಪರ್ಸ್ ಫೆರಿಯಲ್ಲಿ. ಅವನನ್ನು ಕೇಳುವವರು ಕಡಿಮೆ. ಶಾಲೆಯ ಮಕ್ಕಳು ಬಾಯಿಪಾಠ ಮಾಡಿದ್ದು ವಿಟ್ನಿಯ ಹೆಸರನ್ನು. ‘ಡ್ರಾಪ್ ಇನ್’ ಪೊಟ್ಟಣವನ್ನು ಕಂಡಾಗಲೆಲ್ಲ ನನಗೆ ಈ ಪುಣ್ಯಾತ್ಮನ ವಂಶವೃಕ್ಷ ನೆನಪಾಗುತ್ತದೆ.

ಯುದ್ಧ ಬಂದಾಗ ಮಾತ್ರ ಎಲ್ಲ ಕೂರುತ್ತಿತ್ತು, ಅದೊಂದು ಸೋಜಿಗ. ಎರಡನೆಯ ಮಹಾಯುದ್ಧದಲ್ಲಿ 1911ನ್ನು ಟೈಪ್‌ರೈಟರಿನ ರೆಮಿಂಗ್ಟನ್ ರ್‍ಯಾಂಡ್ ಮಾಡಿತು, ರೈಲ್ವೆ ಸಿಗ್ನಲ್ಲಿನ ಕಂಪನಿ ಮಾಡಿತು, ಹೊಲಿಗೆಯಂತ್ರದ ಸಿಂಗರ್ ಕೂಡ 500 ಮಾಡಿಕೊಟ್ಟಿತು. ಇಂದು ಆ ಸಿಂಗರ್ ಪಿಸ್ತೂಲು ಸಂಗ್ರಾಹಕರ ಕೈಲಾಸ. ಅದರ ಒಂದು ತಿರುಪು ಬದಲಾದರೂ ಮೈಲಿಗೆ, ಬೆಲೆ ಬಿತ್ತು. ಭಾಗ ಬದಲಿಸಲೆಂದೇ ಹುಟ್ಟಿದ ಪಿಸ್ತೂಲು ಈಗ ಭಾಗ ಮುಟ್ಟಬಾರದ ಪಿಸ್ತೂಲು.

ಗ್ಲಾಕ್ ಒಕ್ಕಲಿನವರ ಗೋಳು ಇನ್ನೊಂದು. ಪರದೆಯ ಸರಳು ಮಾಡುತ್ತಿದ್ದ ಆಸ್ಟ್ರಿಯಾದ ಗ್ಯಾಸ್ಟನ್ ಗ್ಲಾಕ್ 1980ರ ದಶಕದ ಆರಂಭದಲ್ಲಿ ತಮ್ಮ ಸೈನ್ಯಕ್ಕೆ ಕೊಟ್ಟ ಪಿಸ್ತೂಲಿನಲ್ಲಿ ಭಾಗಗಳೇ ಮೂವತ್ತನಾಲ್ಕು. ಅರ ಬೇಡ, ತಕರಾರಿಲ್ಲ. ಮಾಡಲು ಕೆಲಸವಿಲ್ಲದ ಮಾಲೀಕ ಏನು ಮಾಡಿಯಾನು? ಚೆನ್ನಾಗಿ ನಡೆಯುತ್ತಿರುವ ಭಾಗಗಳನ್ನು ತೆಗೆದು ಬಣ್ಣಬಣ್ಣದ, ದುಬಾರಿಯ, ಇನ್ನೂ ಪರೀಕ್ಷೆಯಾಗದ ಭಾಗಗಳನ್ನು ಹಾಕುತ್ತಾನೆ. ಕಾರ್ಖಾನೆಯಿಂದ ಬಂದವನ್ನು, ಹೊಸವು ಕೈಕೊಟ್ಟರೆ ಇರಲಿ ಎಂದು, ಡಬ್ಬಿಯಲ್ಲಿಡುತ್ತಾನೆ.

ಕಾನೂನಿನ ಕಡೆ ಬಂದರೆ ತಮಾಷೆ ಕಳೆಗಟ್ಟುತ್ತದೆ. ಅಲ್ಲಿ ಒಕ್ಕೂಟ ಸರ್ಕಾರದ ದೃಷ್ಟಿಯಲ್ಲಿ ಪಿಸ್ತೂಲು ಎಂದರೆ ಸೀರಿಯಲ್ ನಂಬರ್ ಹೊತ್ತ ಫ್ರೇಮ್. ಅದಕ್ಕೆ ಡೀಲರ್ ಬೇಕು, ಫಾರಂ ಬೇಕು, ಹಿನ್ನೆಲೆ ತಪಾಸಣೆ ಬೇಕು. ಗುಂಡು ಹೊರಡುವ ನಳಿಗೆ, ಹಿಂದೆ ಮುಂದೆ ಜಾರುವ ಸ್ಲೈಡ್, ಗುಂಡಿನ ಹಿಂಬದಿಗೆ ಕುಟ್ಟುವ ಪಿನ್ನು, ಇವೆಲ್ಲ ಹೆಚ್ಚಿನ ರಾಜ್ಯಗಳಲ್ಲಿ ಅಂಚೆಯಣ್ಣ ಮನೆ ಬಾಗಿಲಿಗೇ ತಂದುಕೊಡುವ ನಿರುಪದ್ರವಿ ಕಬ್ಬಿಣ. ಅದೇ ಗ್ಲಾಕಿನ ಬೆನ್ನಿಗೆ ಸಿಕ್ಕಿಸಿ ಅದನ್ನು ಸರಣಿಗುಂಡಿನ ಯಂತ್ರವಾಗಿಸುವ ನಾಣ್ಯದಗಲದ ‘ಸ್ವಿಚ್’ ಒಂದನ್ನು ಜೇಬಿನಲ್ಲಿಟ್ಟುಕೊಂಡರೆ, ಪಿಸ್ತೂಲು ಹತ್ತಿರದಲ್ಲಿಲ್ಲದಿದ್ದರೂ, ಕಾನೂನಿಗೆ ನಿಮ್ಮ ಜೇಬಿನಲ್ಲಿರುವುದು ಮಷೀನ್‌ಗನ್. ಇನ್ನು ಅರೆಬೆಂದ ಫ್ರೇಮನ್ನು ಕಿಟ್ಟಿನಲ್ಲಿಟ್ಟು ಮಾರಿ ‘ಇದು ಬಂದೂಕಲ್ಲ, ಬರೀ ಬಿಡಿಭಾಗ’ ಎಂದವರ ತಗಾದೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2025ರ ಮಾರ್ಚಿನಲ್ಲಿ ಏಳು ನ್ಯಾಯಮೂರ್ತಿಗಳು ಒಂದು ಕಡೆ, ಇಬ್ಬರು ಒಂದು ಕಡೆ. ಇಂಥ ಕಿಟ್ಟುಗಳಿಗೂ ಬಂದೂಕಿನ ನಿಯಮ ಅನ್ವಯವಾಗಬಲ್ಲದು ಎಂದಾಯಿತು. ತೀರ್ಪು ಬರೆದ ಗೋರ್ಸಚ್ ಉದಾಹರಣೆಗೆ ಕರೆತಂದದ್ದು, ಜೋಡಿಸುವ ಮೊದಲೇ ನಾವು ಮೇಜೆಂದು ಕರೆಯುವ ಐಕಿಯಾದ ಮೇಜನ್ನು.

ನಮ್ಮಲ್ಲಿ ಇಂಥ ತತ್ತ್ವಜಿಜ್ಞಾಸೆಗೆ ಎಡೆಯಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ‘ಆಯುಧ’ದ ವ್ಯಾಖ್ಯೆಯೊಳಗೆ ಅದರ ಭಾಗಗಳನ್ನೂ ಸೇರಿಸಿ ಕೈತೊಳೆದುಕೊಂಡಿದೆ. ಹೀಗಾಗಿ ನಮ್ಮ ಲೈಸೆನ್ಸುದಾರ ಕೂಡಿಡುವ ಬಿಡಿಭಾಗಗಳು ಬೇರೆ: ಅಫಿಡವಿಟ್ಟು, ಜೆರಾಕ್ಸು, ಪಾಸ್‌ಪೋರ್ಟ್ ಅಳತೆಯ ಫೋಟೋ. 2019ರ ತಿದ್ದುಪಡಿಯಿಂದ ಲೈಸೆನ್ಸಿಗೆ ಮೂರರ ಬದಲು ಐದು ವರ್ಷದ ಆಯುಷ್ಯ ಬಂದಿರುವುದರಿಂದ ಆ ಸವೆತವೂ ತುಸು ಇಳಿದಿದೆ. ಪಿಸ್ತೂಲಿಗಂತೂ ಸವೆತದ ಮಾತೇ ಇಲ್ಲ. ಚುನಾವಣೆ ಘೋಷಣೆಯಾದಾಗಲೆಲ್ಲ ಅದು ಠಾಣೆಯಲ್ಲಿ ಠೇವಣಿಯಾಗಿ ವಿಶ್ರಾಂತಿ ಪಡೆಯುತ್ತದೆ, ಚುನಾವಣೆಗಳಿಗೆ ನಮ್ಮಲ್ಲಿ ಬರವೂ ಇಲ್ಲ. ಲೈಸೆನ್ಸಿನ ವಿನಾಯಿತಿ 2029ರವರೆಗೆ ಮುಂದುವರಿದಿರುವ ಕೊಡಗಿನ ಕೊಡವರಲ್ಲಿ ಕೋವಿಗೆ ವರ್ಷಕ್ಕೊಮ್ಮೆ ಹೊಸದಾಗಿ ಬರುವ ಭಾಗ ಒಂದೇ. ಕೈಲ್‌ಪೊಳ್ದ್ ಹಬ್ಬದ ದಿನ ಸಿಕ್ಕಿಸುವ ತೋಕ್ ಪೂ ಎಂಬ ಹೂವು.

ನಮ್ಮ ಅಮೆರಿಕದ ಗೃಹಸ್ಥನಿಗೆ ಈಗ ಒಂದು ಸಂಗತಿ ಹೊಳೆದಿದೆ. ಡಬ್ಬಿಯಲ್ಲಿ ಸ್ಲೈಡ್ ಇದೆ, ನಳಿಗೆ ಇದೆ, ಟ್ರಿಗರ್ ಇದೆ, ಸ್ಪ್ರಿಂಗಂತೂ ನಾಲ್ಕಿವೆ. ಇಲ್ಲದ್ದು ಫ್ರೇಮ್ ಒಂದೇ. ಅದೊಂದನ್ನು ತಂದರೆ ಇವೆಲ್ಲ ಸುಮ್ಮನೆ ಬಿದ್ದಿರುವುದು ತಪ್ಪುತ್ತದೆ. ತರುತ್ತಾನೆ, ಜೋಡಿಸುತ್ತಾನೆ. ಈಗ ಪಿಸ್ತೂಲು ಎರಡು, ಡಬ್ಬಿ ಖಾಲಿ. ಖಾಲಿ ಡಬ್ಬಿ ಕಂಡು ಎದೆ ಧಸಕ್ಕೆನ್ನುತ್ತದೆ, ಮತ್ತೆ ತುಂಬಿಸುತ್ತಾನೆ. ಹೆಂಡತಿ ಕೇಳಿದರೆ ಇದೆಲ್ಲ ಉಳಿತಾಯದ ಲೆಕ್ಕ ಎನ್ನುತ್ತಾನೆ, ಆಕೆ ನಂಬಿದಂತೆ ನಟಿಸುತ್ತಾಳೆ.

ಶನಿವಾರ ಎರಡನ್ನೂ ಹೊತ್ತು ಶೂಟಿಂಗ್ ರೇಂಜಿಗೆ ಹೋಗುತ್ತಾನೆ. ಐವತ್ತರ ಪೆಟ್ಟಿಗೆಯಲ್ಲಿ ನಡುವೆ ಎಲ್ಲೋ ಒಂದು ತೋಟಾ ಸಿಕ್ಕಿಕೊಳ್ಳುತ್ತದೆ. ಮುಖ ಅರಳುತ್ತದೆ: ಕೊನೆಗೂ! ಪಕ್ಕದ ಹಳೆಯ ಕೈಯೊಬ್ಬ ತೋಟಾ ತುಂಬುವ ಮ್ಯಾಗಜೀನ್ ತೆಗೆದು ಬೆಳಕಿಗೆ ಹಿಡಿದು, ‘ಇದರ ತುಟಿ ಸೊಟ್ಟಗಾಗಿದೆ, ಬೇರೆ ಹಾಕಿ’ ಎನ್ನುತ್ತಾನೆ. ಪಿಸ್ತೂಲು ಕೈಕೊಟ್ಟಾಗ ಮೊದಲು ಅನುಮಾನಿಸಬೇಕಾದದ್ದು ಅದನ್ನೇ, ನಂತರ ತೋಟಾ, ನಂತರ ಹಿಡಿದವನ ಮಣಿಕಟ್ಟು. ಇವನ ಬಳಿ ನಾಲ್ಕು ತೂಕದ ಸ್ಪ್ರಿಂಗುಗಳಿವೆ, ಎರಡು ಜಾತಿಯ ಪಿನ್ನುಗಳಿವೆ. ಪಿಸ್ತೂಲು ಎರಡಾದರೂ ಮ್ಯಾಗಜೀನ್ ಎರಡನೆಯದಿಲ್ಲ. ಹಳೆಯ ಕೈ ತನ್ನದೊಂದನ್ನು ಸಾಲ ಕೊಡುತ್ತಾನೆ, ಉಳಿದ ಗುಂಡುಗಳೆಲ್ಲ ಸರಾಗವಾಗಿ ಹಾರುತ್ತವೆ. ಮನೆಗೆ ಬಂದವನೇ ಬೇಸರ ಕಳೆಯಲು, ಇನ್ನೂ ಸಾವಿರಾರು ಗುಂಡು ತಾಳಬಲ್ಲ ಸ್ಪ್ರಿಂಗನ್ನು ಬಿಚ್ಚಿ ಹೊಸದನ್ನು ಹಾಕುತ್ತಾನೆ. ತೆಗೆದದ್ದಕ್ಕೆ ಚೀಟಿ ಅಂಟಿಸುತ್ತಾನೆ: ‘ಬಳಸಿದ್ದು. ಚೆನ್ನಾಗಿದೆ. ಇರಲಿ.’