ಬಕೆಟ್ ಮೀಮಾಂಸೆ, ಅರ್ಥಾತ್ ಆಂಗ್ಲ ನುಡಿಗಟ್ಟುಗಳ ಸಶಾಸ್ತ್ರೀಯ ವಿವೇಚನೆ

ಆಂಗ್ಲರು ಸತ್ತಾಗ 'ಕಿಕ್ ದ ಬಕೆಟ್', ಅಂದರೆ ಬಕೆಟ್ ಒದ್ದರು ಎನ್ನುವ ವಾಡಿಕೆ ಲೋಕವಿದಿತ. ಯಾರ ಬಕೆಟ್, ಅದರಲ್ಲಿ ನೀರಿತ್ತೇ, ಒದ್ದ ಮೇಲೆ ಎತ್ತಿಟ್ಟವರಾರು ಎಂಬ ಮೂಲಭೂತ ಪ್ರಶ್ನೆಗಳ ತಂಟೆಗೆ ನಮ್ಮ ಹೈಸ್ಕೂಲಿನ ಗ್ರಾಮರ್ ಗೈಡುಗಳು ಹೋಗಿಲ್ಲ. ಎದುರಿಗೆ 'ಸಾಯು' ಎಂದು ಬರೆದು ಕೈತೊಳೆದುಕೊಂಡಿವೆ. ಆ ಲೋಪವನ್ನು ತುಂಬಲೆಂದೇ ಈ ಗ್ರಂಥದ ಅವತಾರ.

ಮೊದಲು ಶಬ್ದಪ್ರಮಾಣ. ಫ್ರಾನ್ಸಿಸ್ ಗ್ರೋಸ್ ಎಂಬ ಸ್ಥೂಲಕಾಯದ ಕ್ಯಾಪ್ಟನ್ 1785ರಲ್ಲಿ ಇಂಗ್ಲಿಷಿನ ಪೋಲಿಮಾತುಗಳ ನಿಘಂಟನ್ನು ಅಚ್ಚುಹಾಕಿಸಿದ. ಈ ಮಾತು ಅದರಲ್ಲುಂಟು, ಕಾರಣ ಮಾತ್ರ ಇಲ್ಲ. ಕಾರಣ ಇಲ್ಲದ ಕಡೆ ಪಂಡಿತರಿಗೆ ಸುಗ್ಗಿ. ಬಕೆಟ್‌ವಾದಿಗಳು, ಅದು ಕೊರಳಿಗೆ ಕುಣಿಕೆ ಬಿದ್ದವನ ಕಾಲಡಿಯ ಬಕೆಟ್ ಎಂದರು. ತೊಲೆವಾದಿಗಳು ಇದನ್ನು ಖಂಡಿಸಿ, ಕೆಲವು ಸೀಮೆಗಳಲ್ಲಿ ಕೊಯ್ಯುವ ಹಂದಿಯನ್ನು ಕಾಲುಕಟ್ಟಿ ನೇತುಹಾಕುವ ತೊಲೆಗೇ ಬಕೆಟ್ ಎನ್ನುತ್ತಿದ್ದರು, ಒದ್ದಾಡುವ ಹಂದಿಯ ಕಾಲು ಅದಕ್ಕೆ ಬಡಿಯುತ್ತಿತ್ತು ಎಂದು ಸಾಧಿಸಿದರು. ಹಂದಿಯ ಸಾವನ್ನು ಮನುಷ್ಯನಿಗೆ ಆರೋಪಿಸಿದ್ದಕ್ಕೆ ಎರಡೂ ಕಡೆಯವರಿಂದ ಆಕ್ಷೇಪಣೆ ಬಂದಿಲ್ಲ.

ಇಲ್ಲೊಂದು ತುಲನಾತ್ಮಕ ಟಿಪ್ಪಣಿ ಅಗತ್ಯ. ಕನ್ನಡನಾಡಿನಲ್ಲಿ ಬಕೆಟ್ ಹಿಡಿದವನು ಬಡ್ತಿ ಪಡೆಯುತ್ತಾನೆ. ಇಂಗ್ಲೆಂಡಿನಲ್ಲಿ ಒದ್ದವನು ಪರಲೋಕ ಪಡೆಯುತ್ತಾನೆ. ಎರಡೂ ಒಂದೇ ಬಕೆಟ್ಟಾಗಿದ್ದರೆ ಆಂಗ್ಲರ ಸಾವಿಗೆ ಕಾರಣ ಸ್ಪಷ್ಟ: ಹಿಡಿಯಬೇಕಾದ್ದನ್ನು ಒದ್ದರು.

ಒದ್ದವನಿಗೇ ಸಾವೆಂಬ ಈ ಮತವನ್ನು ವ್ಯಾಕರಣವೂ ಎತ್ತಿಹಿಡಿಯುತ್ತದೆ. ಗುಟ್ಟು ಬಿಟ್ಟುಕೊಡುವುದಕ್ಕೆ ಆಂಗ್ಲರು ಬೀನ್ಸ್ ಚೆಲ್ಲುವುದು ಎನ್ನುತ್ತಾರೆ. 'ಬೀನ್ಸ್ ಚೆಲ್ಲಲ್ಪಟ್ಟಿತು' ಎಂದು ಕರ್ಮಣಿಯಲ್ಲಿ ಹೇಳಿದರೂ ಗುಟ್ಟು ರಟ್ಟಾದದ್ದೇ. 'ಬಕೆಟ್ ಒದೆಯಲ್ಪಟ್ಟಿತು' ಎಂದರೆ ಮಾತ್ರ ಯಾರೂ ಸಾಯುವುದಿಲ್ಲ, ಬಚ್ಚಲು ಒದ್ದೆಯಾಗುತ್ತದೆ ಅಷ್ಟೆ. ಮುದುಕ ಮೂರು ವಾರದಿಂದ ಸಾಯುತ್ತಿದ್ದಾನೆ ಎನ್ನಬಹುದು. ಮೂರು ವಾರದಿಂದ ಬಕೆಟ್ ಒದೆಯುತ್ತಿದ್ದಾನೆ ಎನ್ನಲಾಗದು. ಕಾಲಿನಲ್ಲಿ ಅಷ್ಟು ಕಸುವಿದ್ದವನು ಸಾಯುವುದಾದರೂ ಏಕೆ? ನಮ್ಮ ಆಲಂಕಾರಿಕರು ಗಂಗೆಯ ಮೇಲೆ ಹಳ್ಳಿ ಎಂದರೆ ಗಂಗೆಯ ದಡದಲ್ಲಿ ಎಂದು ಲಕ್ಷಣೆಯಿಂದ ತಿಳಿಯಬೇಕೆಂದರು. ಅಲ್ಲಿ ನದಿಗೂ ದಡಕ್ಕೂ ಹತ್ತಿರದ ನಂಟಾದರೂ ಇದೆ. ಬಕೆಟ್ಟಿಗೂ ಯಮನಿಗೂ ಯಾವ ನೆಂಟಸ್ತಿಕೆ?

ಇನ್ನು, ಜಡಿಮಳೆಗೆ ಆಂಗ್ಲರು ಹೇಳುವ ಬೆಕ್ಕು ನಾಯಿಗಳ ಮಳೆಯನ್ನು ಬೇಗ ಮುಗಿಸೋಣ. ಹುಲ್ಲುಮಾಡಿನ ಮೇಲೆ ಮಲಗಿದ್ದ ಪ್ರಾಣಿಗಳು ಮಳೆಗೆ ಜಾರಿ ಬೀಳುತ್ತಿದ್ದವೆಂಬ ಕಥೆ 1999ರಲ್ಲಿ ಹರಿದಾಡಿದ ಈಮೇಲ್ ಪುರಾಣದಲ್ಲಿ ಬಂದಿರುವುದರಿಂದ ಅಪ್ರಮಾಣ. ನಾಯಿ ಮಾಡು ಹತ್ತಿದ್ದನ್ನು ಕಂಡವರಿಲ್ಲ. ಜೊನಾಥನ್ ಸ್ವಿಫ್ಟ್ 1710ರಲ್ಲಿ ಬರೆದ ಲಂಡನ್ ಮಳೆಯ ಪದ್ಯದಲ್ಲಿ ಸತ್ತ ಬೆಕ್ಕು, ಮುಳುಗಿದ ನಾಯಿಮರಿ ಚರಂಡಿಯಲ್ಲಿ ತೇಲಿಬರುತ್ತವೆ. ಅಂದರೆ ಅವು ಬಿದ್ದದ್ದು ಆಕಾಶದಿಂದಲ್ಲ, ಮುನಿಸಿಪಾಲಿಟಿಯ ಕೈಯಿಂದ. ಮಳೆಗಾಲದ ಬೆಂಗಳೂರನ್ನು ಕಂಡವರಿಗೆ ಈ ವಿಷಯದಲ್ಲಿ ಭಾಷ್ಯ ಬೇಕಿಲ್ಲ.

ಕೊನೆಯದಾಗಿ ನಿತ್ಯಪ್ರಯೋಗ. 'ಎಲಿಫೆಂಟ್ ಇನ್ ದ ರೂಮ್' ಎಂದರೆ ಎಲ್ಲರಿಗೂ ಕಂಡಿದ್ದರೂ ಯಾರೂ ಬಾಯಿಬಿಡದ ಸಂಗತಿ. 2023ರ ಗಣತಿಯಂತೆ ಕರ್ನಾಟಕದಲ್ಲಿ 6,395 ಆನೆಗಳಿದ್ದವು. ಸಕಲೇಶಪುರದ ಕಾಫಿತೋಟಕ್ಕೆ ಅವುಗಳಲ್ಲೊಂದು ಕಾಲಿಟ್ಟರೂ ಸಾಕು, ಅರ್ಧ ಗಂಟೆಯಲ್ಲಿ ಊರೆಲ್ಲ ಅದೇ ಮಾತು, ಕೈಗೆ ಪಟಾಕಿ, ಅರಣ್ಯ ಇಲಾಖೆಗೆ ಬೈಗುಳ. ಆನೆ ಬಂದು ಮೌನವಾಗಿ ಕೂರುವ ಪದ್ಧತಿ ಬೆಂಗಳೂರಿನ ಹವಾನಿಯಂತ್ರಿತ ಮೀಟಿಂಗುಗಳಲ್ಲಿ ಮಾತ್ರ ಬೇರೂರಿದೆ. ಅದಕ್ಕೂ ಶಾಸ್ತ್ರೀಯ ಕಾರಣವಿದೆ. ಅಲ್ಲಿ ಆನೆಯ ಹೆಸರೆತ್ತಿದವನಿಗೇ ಅದನ್ನು ಕಾಡಿಗೆ ಅಟ್ಟುವ ಕೆಲಸವೂ ಅಂಟಿಕೊಳ್ಳುತ್ತದೆ, ಅದೂ ಶುಕ್ರವಾರದ ಗಡುವಿನೊಂದಿಗೆ. ಆದ್ದರಿಂದ ಬಲ್ಲವರು ಆನೆಗೂ ಒಂದು ಕುರ್ಚಿ ಸರಿಸಿಕೊಟ್ಟು ಮುಂದಿನ ಸ್ಲೈಡಿಗೆ ಹೋಗುತ್ತಾರೆ.