ವಾಲಿವಧೆ ಮತ್ತು 413

ಕೆಲಸ ಕೆಟ್ಟಾಗ ಬೈಯಲಿಕ್ಕೆ ಒಬ್ಬರು ಬೇಕು. ಕರೆಂಟು ಹೋದರೆ ಲೈನ್‌ಮನ್ ಇದ್ದಾನೆ, ಬಸ್ಸು ತಡವಾದರೆ ಕಂಡಕ್ಟರು ಇದ್ದಾನೆ. ತಪ್ಪು ಅವರದ್ದೇ ಆಗಿರಬೇಕೆಂದೇನೂ ಇಲ್ಲ. ಬೈದ ಮೇಲೆ ನಮಗೆ ಊಟ ಸೇರುತ್ತದೆ, ಅಷ್ಟೆ. ಹೆಡ್ ಆಫೀಸೇ ಇಲ್ಲದ ವಿಡಿಯೋ ತಾಣಕ್ಕೆ ಕಾಲಿಟ್ಟವರಿಗೆ ಮಾತ್ರ ಈ ಸೌಕರ್ಯ ಇಲ್ಲ.

ನನ್ನನ್ನು ಅಲ್ಲಿಗೆ ನೂಕಿದವರು ಭಾವ. ಅವರು ತಾಳಮದ್ದಳೆಯ ಅರ್ಥಧಾರಿ, ಎಂದರೆ ಕೂತಲ್ಲೇ ಮಾತಿನಿಂದ ಪಾತ್ರ ಕಟ್ಟುವವರು. ‘ವಾಲಿವಧೆ’ಯಲ್ಲಿ ಅವರ ವಾಲಿ ಬಾಣ ತಾಗಿ ಬಿದ್ದ ಮೇಲೂ ಗಂಟೆಗಟ್ಟಲೆ ಮಾತಾಡುತ್ತಾನೆ. ಅದರ ವಿಡಿಯೋವನ್ನು ಮೊದಲು ಎಲ್ಲರೂ ಹಾಕುವ ಕಡೆಯೇ ಹಾಕಿದ್ದೆವು. ಮರದ ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ರಾಮನನ್ನು ಕೇಳಿ ವಾಲಿ ಉಸಿರೆಳೆದುಕೊಳ್ಳುವಷ್ಟರಲ್ಲಿ ಒಬ್ಬ ಹುಡುಗಿ ಬಂದು ಕೂದಲು ಹಾರಿಸಿ ಶಾಂಪೂ ತೋರಿಸಿದಳು. ಭಾವ ಅಲ್ಲೇ ತೀರ್ಪು ಕೊಟ್ಟರು: “ಜಾಹೀರಾತು ಇಲ್ಲದ ಕಡೆ ಹಾಕು ಮಾರಾಯ. ಇಲ್ಲದಿದ್ದರೆ ತೆಗೆದೇ ಬಿಡು.”

ಹಾಗೆ ಸಿಕ್ಕಿದ್ದು ಪಿಯರ್‌ಟ್ಯೂಬ್. ಫ್ರಾಮಸಾಫ್ಟ್ ಎಂಬ ಫ್ರಾನ್ಸಿನ ಲಾಭರಹಿತ ಸಂಸ್ಥೆಯೊಂದು ಜನರಿಂದ ಚಂದಾ ಎತ್ತಿ, 2018ರಲ್ಲಿ ಇದರ ಮೊದಲ ಪೂರ್ಣ ಆವೃತ್ತಿಯನ್ನು ಹೊರತಂದಿತು. ತಂತ್ರಾಂಶವನ್ನು ಯಾರು ಬೇಕಾದರೂ ಇಳಿಸಿಕೊಂಡು ತಮ್ಮ ಸರ್ವರಿನಲ್ಲಿ ಕೂರಿಸಬಹುದು. ಹಾಗೆ ಕೂರಿಸಿದ ಒಂದೊಂದೂ ಒಂದು ಇನ್‌ಸ್ಟನ್ಸ್. ಒಂದೊಂದಕ್ಕೂ ಅದರದ್ದೇ ಯಜಮಾನ, ಅದರದ್ದೇ ಕಾನೂನು. ಆಕ್ಟಿವಿಟಿಪಬ್ ಎಂಬ ಒಡಂಬಡಿಕೆಯಿಂದಾಗಿ ಒಂದರಲ್ಲಿ ಹಾಕಿದ್ದು ಅದಕ್ಕೆ ಹೊಂದಿಕೊಂಡ ಇನ್ನೊಂದರಲ್ಲೂ ಕಾಣುತ್ತದೆ, ಮಾಸ್ಟೊಡಾನ್ ಎಂಬ ಸಾಮಾಜಿಕ ಜಾಲದಲ್ಲಿ ಇರುವವರು ಅಲ್ಲಿಂದಲೇ ಪ್ರತಿಕ್ರಿಯೆ ಬರೆಯಬಹುದು. ಒಂದೇ ವಿಡಿಯೋ ನೋಡುತ್ತಿರುವವರ ಕಂಪ್ಯೂಟರುಗಳು ಅದರ ತುಂಡುಗಳನ್ನು ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತವೆ. ಕೇಳಲಿಕ್ಕೆ ರಾಮರಾಜ್ಯ. ಆದರೆ ನಾವು ಹೋದದ್ದು ವಾಲಿಯ ಪಕ್ಷದಿಂದ.

ಫೈಲು ಆರಿಸಿ ಬಿಟ್ಟೆ. ಪಟ್ಟಿ ಸ್ವಲ್ಪ ಸರಿಯಿತು, ನಿಂತಿತು, 413 ಎಂದಿತು.

“ಎಂತ, ಹತ್ತಿತಾ?” ಜಗಲಿಯಿಂದ ಭಾವ.

“ಇಲ್ಲ ಭಾವ, 413 ಅಂತೆ.”

“ಹೇಳಿದ್ದು ಯಾರು?”

“ಸರ್ವರು.”

“ಅವನು ಇರುವುದೆಲ್ಲಿ?”

“ಯುರೋಪಿನಲ್ಲಿ ಎಲ್ಲೋ.”

“ಹಾಗಾದರೆ ಇವನೂ ಮರೆಯಲ್ಲಿ ನಿಂತೇ ಹೊಡೆದದ್ದು!”

ಈ 413ರ ಒಳಗುಟ್ಟು ಸ್ವಾರಸ್ಯದ್ದು. ಮಧ್ಯೆ ನೆಟ್ ಕಡಿದರೂ ಬಿಟ್ಟಲ್ಲಿಂದ ಮುಂದುವರಿಯಲಿ ಎಂದು ಪಿಯರ್‌ಟ್ಯೂಬ್ ಫೈಲನ್ನು ತುಂಡು ತುಂಡಾಗಿ ಕಳಿಸುತ್ತದೆ. ಯಜಮಾನ ಮಿತಿ ಹಾಕಿಲ್ಲದಿದ್ದರೆ ತುಂಡಿನ ಗಾತ್ರವನ್ನು ನೆಟ್ಟಿನ ವೇಗ ನೋಡಿ ತಾನೇ ಗೊತ್ತುಮಾಡುತ್ತದೆ. ಸಾಮಾನ್ಯವಾಗಿ ಸರ್ವರಿನ ಬಾಗಿಲಲ್ಲಿ ನಿಂತಿರುವುದು ಎಂಜಿನ್‌ಎಕ್ಸ್ ಎಂಬ ಬೇರೆಯೇ ಪ್ರೋಗ್ರಾಮು. ತನಗೆ ಹೇಳಿಕೊಟ್ಟ ಅಳತೆಗಿಂತ ದೊಡ್ಡದು ಬಂದರೆ ಅದು 413 ಎಂದು ತಳ್ಳುತ್ತದೆ. ಯಾರೂ ಏನೂ ಹೇಳಿಕೊಡದಿದ್ದರೆ ಅದರ ಅಳತೆ ಬರೀ ಒಂದು ಎಂಬಿ. ಪರಿಣಾಮ ಏನು ಗೊತ್ತೇ? ನೆಟ್ ಜೋರಿದ್ದರೆ ತುಂಡು ದೊಡ್ಡದು, ತುಂಡು ದೊಡ್ಡದಾದರೆ ವಾಪಸು. ಮನೆಗೆ ಫೈಬರ್ ಹಾಕಿಸಿದವನ ವಿಡಿಯೋ ನಪಾಸು, ಗುಡ್ಡೆ ಹತ್ತಿ ಎರಡು ಕಡ್ಡಿ ಸಿಗ್ನಲ್ಲಿನಲ್ಲಿ ಕಳಿಸಿದವನದ್ದು ಪಾಸಾದರೂ ಆದೀತು! ಇಂಥ ಸಮಾಜವಾದವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಭಾವನಿಗೆ ಸಮಾಜವಾದ ಬೇಡ, ನ್ಯಾಯ ಬೇಕು. ಪತ್ರ ಬರೆ ಎಂದರು, ತಾವೇ ಹೇಳತೊಡಗಿದರು. ಕ್ಷಾತ್ರಧರ್ಮದಿಂದ ಶುರುವಾದ ಆ ಪತ್ರವನ್ನು ಕಳಿಸಲು ವಿಳಾಸ ಹುಡುಕಿದಾಗಲೇ ಯಜಮಾನನ ಪರಿಚಯ ಓದಿದ್ದು. ಹಗಲು ಎಲ್ಲೋ ನೌಕರಿ, ರಾತ್ರಿ ಈ ಸೇವೆ, ಖರ್ಚು ಕೈಯಿಂದಲೇ; ಡಿಸ್ಕು ತುಂಬುತ್ತಾ ಬಂದಿದೆ, ದಯವಿಟ್ಟು ಸಹಕರಿಸಿ ಎಂದು ಕೆಳಗೊಂದು ಸಾಲು. ಭಾವ ಎರಡು ನಿಮಿಷ ಸುಮ್ಮನಾದರು. “ಪಾಪ, ನಮ್ಮ ಸಂಘದ ಕಾರ್ಯದರ್ಶಿಯ ಹಾಗೆಯೇ” ಎಂದು ಕ್ಷಾತ್ರಧರ್ಮವನ್ನು ಹೊಡೆದುಹಾಕಿಸಿದರು. ಮರುದಿನ ಉತ್ತರ ಬಂತು: ಮಿತಿ ಸರಿಪಡಿಸಿದ್ದೇನೆ, ತಿಳಿಸಿದ್ದಕ್ಕೆ ಥ್ಯಾಂಕ್ಸ್.

ಇನ್ನೊಮ್ಮೆ ಬಿಟ್ಟೆ. ಈ ಸಲ ಕೋಟಾ ಮುಗಿಯಿತು ಎಂದಿತು. ಹಿಂದೆ ಹಾಕಿದ್ದ ಮದುವೆಯ ವಿಡಿಯೋ ಅಳಿಸಿ ಜಾಗ ಮಾಡಿದೆ. ಪಟ್ಟಿ ನೂರು ಮುಟ್ಟಿತು. ಆದರೂ ವಾಲಿ ಕಾಣಲಿಲ್ಲ.

“ನೂರಕ್ಕೆ ನೂರು ಆದಮೇಲೆ ಇನ್ನೆಂತದು ಬಾಕಿ?”

ಬಾಕಿ ಇದ್ದದ್ದು ಟ್ರಾನ್ಸ್‌ಕೋಡಿಂಗ್. ಎಫ್‌ಎಫ್‌ಎಂಪೆಗ್ ಎಂಬ ಪ್ರೋಗ್ರಾಮು ಕೂತು ಒಂದೇ ವಿಡಿಯೋವನ್ನು ದೊಡ್ಡ ಪರದೆಗೊಂದು, ಸಣ್ಣ ಮೊಬೈಲಿಗೊಂದು ಎಂದು ಬೇರೆ ಬೇರೆ ಅಳತೆಗೆ ಕುಟ್ಟಬೇಕು. ಅದು ಮುಗಿದ ಮೇಲೆಯೇ ಪ್ರಕಟವಾಗಲಿ ಎಂದು ಟಿಕ್ ಹಾಕಿದ್ದರೆ ಅಲ್ಲಿಯವರೆಗೆ ಯಾರಿಗೂ ಕಾಣದು; ಹಾಕಿಲ್ಲದಿದ್ದರೆ ಕಂಡೀತು, ಓಡುವ ಖಾತ್ರಿ ಇಲ್ಲ. 2023ರಿಂದ ಈ ಕುಟ್ಟುವ ಕೆಲಸವನ್ನು ಬೇರೆ ಕಂಪ್ಯೂಟರಿಗೆ ವಹಿಸುವ ಏರ್ಪಾಡೂ ಬಂದಿದೆ, ನಮ್ಮ ಯಜಮಾನನ ಹತ್ತಿರ ಇದ್ದದ್ದು ಮಾತ್ರ ಒಂದೇ ಡಬ್ಬ. ನಮ್ಮ ವಾಲಿ ಮಲಗಿ ಮಾತಾಡಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಹೊತ್ತನ್ನು ಅದು ತಿಂದಿತು.

ಕೊನೆಗೆ ಪರಿಶೀಲನೆ. ಹೊಸಬರ ವಿಡಿಯೋವನ್ನು ಯಜಮಾನ ನೋಡಿಯೇ ಬಿಡುವ ವ್ಯವಸ್ಥೆ ಅಲ್ಲಿತ್ತು. ಸಂಜೆ ಅವನದ್ದೇ ಪತ್ರ: “ಎಲ್ಲರೂ ಕುಳಿತೇ ಇದ್ದಾರೆ, ಆದರೂ ಭಾರಿ ಜಗಳ. ಹಿಂಸೆಯ ಎಚ್ಚರಿಕೆ ಹಾಕಬೇಕೇ? ಪೇಟ ಸುತ್ತಿದವರು ಗೆದ್ದರೇ?”

ಭಾವನ ಮುಖ ನೋಡಬೇಕಿತ್ತು. ಊರಿನಲ್ಲಿ ಕೊನೆಯವರೆಗೆ ಕೂರುವವರೇ ಕಡಿಮೆ. ಇವನು ಒಂದಕ್ಷರ ತಿಳಿಯದೆ ಕೂತಿದ್ದಾನೆ! “ಸತ್ತದ್ದು ನಾನು, ವಾದದಲ್ಲಿ ಗೆದ್ದದ್ದೂ ನಾನು ಅಂತ ಬರೆ” ಎಂದರು. ಬರೆದೆ. ವಿಡಿಯೋ ಪ್ರಕಟವಾಯಿತು.

ನೀವೂ ಏರಿಸುವವರಾದರೆ ಒಂದು ಕೇಳಿಕೆ. ಖಾತೆ ತೆರೆಯುವ ಮೊದಲು ಆ ಇನ್‌ಸ್ಟನ್ಸಿನ ಪರಿಚಯದ ಪುಟ ಓದಿ: ಕೋಟಾ ಎಷ್ಟು, ಪರಿಶೀಲನೆ ಇದೆಯೇ, ನಡೆಸುವವರು ಯಾರು. ದೂರು ಬರೆಯುವಾಗ ಫೈಲಿನ ಗಾತ್ರ, ಬ್ರೌಸರಿನ ಹೆಸರು, ತೆರೆಯ ಮೇಲೆ ಬಂದ ನಂಬರು ಮೂರನ್ನೂ ಸೇರಿಸಿ. ಧರ್ಮದ ಪ್ರಶ್ನೆಗಿಂತ ಬೇಗ ಇದಕ್ಕೆ ಉತ್ತರ ಬರುತ್ತದೆ. ದೇಣಿಗೆಯ ಕೊಂಡಿ ಕಂಡರೆ ಕೈಲಾದಷ್ಟು ಹಾಕಿ. ಡಿಸ್ಕಿನ ಬಾಡಿಗೆ ತಿಂಗಳು ತಿಂಗಳು ಕಟ್ಟುವವನು ಅವನೇ.