ಹದಿನಾರು ಮಿಲಿಮೀಟರಿನ ಹಟ

ದೊಡ್ಡ ತೂತು ಕೊರೆಯುವುದು ಸುಲಭ, ಸಣ್ಣದೇ ಕಷ್ಟ. ಚಳ್ಳಕೆರೆಯಲ್ಲಿ ಈ ಮಾತು ಆಡಿದರೆ ಜನ ನಗುತ್ತಾರೆ. ಇಲ್ಲಿ ಕೊರೆಯುವುದೆಂದರೆ ಬೋರ್‌ವೆಲ್, ಕಷ್ಟವೆಂದರೆ ನೀರು ಬಾರದಿರುವುದು. ನಾನು ಹೇಳುತ್ತಿರುವುದು 16 ಮಿ.ಮೀ. ವ್ಯಾಸದ, ಹೆಬ್ಬೆರಳು ತೂರದ ಒಂದು ಸಿಲಿಂಡರಿನ ಮಾತು. ಆಟದ ವಿಮಾನಕ್ಕೆ ಕೈಯಾರೆ ಎಂಜಿನ್ ಮಾಡಬೇಕೆಂಬ ಹುಚ್ಚು ನನ್ನದು. ಅದಕ್ಕೆಂದೇ ಮನೆ ಹಿಂದಿನ ಶೀಟಿನ ಶೆಡ್ಡಿನಲ್ಲಿ ಒಂದು ಪುಟ್ಟ ಲೇತ್ ಕೂತಿದೆ.

ಹುಚ್ಚು ಹತ್ತಿದ್ದು ವರವು ಕಾವಲಿನಿಂದ. ಅಮೃತ್ ಮಹಲ್ ದನ ಮೇಯುತ್ತಿದ್ದ ಆ ಹುಲ್ಲುಗಾವಲು 2017ರ ಮೇ ತಿಂಗಳಿಂದ ಡಿಆರ್‌ಡಿಒದ ವಿಮಾನ ಪರೀಕ್ಷಾ ವಲಯ. ಪೈಲಟ್ ಇಲ್ಲದ ವಿಮಾನಗಳು ಅಲ್ಲಿ ಏಳುತ್ತವೆ, ಇಳಿಯುತ್ತವೆ. 2023ರ ಏಪ್ರಿಲ್ 2ರಂದು ಇಸ್ರೋದವರು ರೆಕ್ಕೆಯಿರುವ ವಾಹನವೊಂದನ್ನು ಚಿನೂಕ್ ಹೆಲಿಕಾಪ್ಟರಿಗೆ ತೂಗುಹಾಕಿ ಮೇಲೊಯ್ದು, ನಾಲ್ಕೂವರೆ ಕಿ.ಮೀ. ಎತ್ತರದಲ್ಲಿ ಕೈಬಿಟ್ಟರು, ಅದು ತನ್ನಷ್ಟಕ್ಕೆ ತಾನೇ ಬಂದು ರನ್‌ವೇ ಹಿಡಿಯಿತು. ಗೋಡೆಯ ಈಚೆ ಕುರಿ ಕಾಯುವವನಿಗೆ ಮೇವಿನ ನೆಲ ಹೋದ ಸಿಟ್ಟಿದೆ, ಅದು ನ್ಯಾಯದ ಸಿಟ್ಟೇ. ಆದರೂ ಸದ್ದು ಕೇಳಿದರೆ ಅವನೂ ಕತ್ತೆತ್ತುತ್ತಾನೆ. ನಾನಂತೂ ಕತ್ತು ಇಳಿಸಲೇ ಇಲ್ಲ.

ಅಮೃತ್ ಮಹಲ್ ಎತ್ತುಗಳು ಹೈದರ್, ಟಿಪ್ಪು ಕಾಲಕ್ಕೆ ಫಿರಂಗಿ ಎಳೆದವು. ನನ್ನ ಲೇತಿಗೂ ಫಿರಂಗಿಗೂ ದೂರದ ನಂಟಿದೆ. 1774ರಲ್ಲಿ ಇಂಗ್ಲೆಂಡಿನ ಜಾನ್ ವಿಲ್ಕಿನ್ಸನ್ ಗಟ್ಟಿ ಎರಕದ ಫಿರಂಗಿಯನ್ನೇ ತಿರುಗಿಸಿ, ಕೊರೆಯುವ ಸರಳನ್ನು ತಿರುಗದಂತೆ ಹಿಡಿದು ಒಳಕ್ಕೆ ನೂಕುವ ಉಪಾಯಕ್ಕೆ ಪೇಟೆಂಟ್ ಪಡೆದ. ನನ್ನ ಶೆಡ್ಡಿನಲ್ಲೂ ನಡೆಯುವುದು ಅದೇ. ಆಮೇಲೆ ಜೇಮ್ಸ್ ವಾಟ್‌ನ ಉಗಿಯಂತ್ರಕ್ಕೆ ಸಿಲಿಂಡರ್ ಬೇಕಾದಾಗ ಆತ ಬೇರೆ ಯಂತ್ರ ಕಟ್ಟಿದ; ಸರಳು ಸಿಲಿಂಡರಿನ ಈ ಬಾಯಿಂದ ಆ ಬಾಯಿಗೆ ಹಾದು ಎರಡೂ ಕಡೆ ಆಸರೆ ಪಡೆಯಿತು. 50 ಇಂಚಿನ ಸಿಲಿಂಡರಿನಲ್ಲಿ ಹಳೆಯ ಶಿಲ್ಲಿಂಗ್ ನಾಣ್ಯದ ದಪ್ಪದಷ್ಟೂ ತಪ್ಪಿಲ್ಲವೆಂದು ವಾಟ್‌ನ ಪಾಲುದಾರ ಹಿಗ್ಗಿದ. 50 ಇಂಚಿನೊಳಗೆ ತೊಲೆಯಂಥ ಸರಳು ಹಿಡಿಯುತ್ತದೆ, ಸ್ವಾಮಿ! ನನ್ನ 16 ಮಿಲಿಮೀಟರಿನೊಳಗೆ ಹಿಡಿಯುವುದು 10 ಮಿಲಿಮೀಟರಿನದು, ಅದೂ ಒಂದೇ ಕಡೆ ಆಸರೆ. ಸರಳಿನ ದಪ್ಪ ಅರ್ಧವಾದರೆ ಬಾಗು 16 ಪಟ್ಟು. ಹೊರಚಾಚಿದ ಉದ್ದ ಇಮ್ಮಡಿಯಾದರೆ ಬಾಗು 8 ಪಟ್ಟು. ಸಣ್ಣ ತೂತಿನ ಸಂಕಟವೆಲ್ಲ ಈ ಲೆಕ್ಕದಲ್ಲೇ ಇದೆ.

ಇದಕ್ಕೆ ಮದ್ದು ಹೇಳಿದವರು ಎಣ್ಣೆ ಮಿಲ್ಲುಗಳ ಬೀದಿಯ ಒಬ್ಬ ಹಿರಿಯ ಟರ್ನರ್. ಸವೆದ ಎಕ್ಸ್‌ಪೆಲ್ಲರ್ ಶಾಫ್ಟುಗಳಿಗೆ ಮರುಜೀವ ಕೊಡುವುದು ಅವರ ದಂಧೆ. ಲೇತ್ ಹರಿಹರದ ಮೈಸೂರು ಕಿರ್ಲೋಸ್ಕರದ್ದು. 1941ರಲ್ಲಿ ಹುಟ್ಟಿದ ಆ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು, ಲೇತ್ ಮಾತ್ರ ಇನ್ನೂ ದುಡಿಯುತ್ತಿದೆ. "ಸೈಜು ಹತ್ರ ಬಂದ್ಮೇಲೆ ಟೂಲು ಮುಂದಕ್ಕೆ ತಳ್ಳಬ್ಯಾಡ್ರಿ ಸಾರ್. ಡಯಲ್ ಮುಟ್ದಂಗೆ ಅದೇ ಕಟ್ಟು ಇನ್ನೆರಡು ಸಲ ಓಡಿಸ್ರಿ. ಬಾಗಿದ್ದು ತಾನೇ ನೆಟ್ಟಗಾಗ್ತತೆ."

ಹಾಗೇ ಓಡಿಸುತ್ತೇನೆ. ಬೀಡು ಕಬ್ಬಿಣ ಸುರುಳಿ ಬಿಡುವುದಿಲ್ಲ, ಪುಡಿ ಉದುರಿಸುತ್ತದೆ. ಡಯಲ್ ಮುಟ್ಟದಿದ್ದರೂ ಮೊದಲ ಓಟಕ್ಕೆ ತೂತಿನ ಬಾಯಲ್ಲಿ ಕಾಡಿಗೆಯಂಥ ಪುಡಿ ಕಾಣುತ್ತದೆ, ಚರಚರ ಸದ್ದೂ ಇರುತ್ತದೆ. ಎರಡನೆಯದಕ್ಕೆ ಸದ್ದು ಇಳಿಯುತ್ತದೆ, ಪುಡಿ ಚಿಟಿಕೆಗೂ ಸಿಗುವುದಿಲ್ಲ. ಸರಳು ಬಾಗಿ ಬಚ್ಚಿಟ್ಟಿದ್ದ ಬಾಕಿಯೆಲ್ಲ ಹೀಗೆ ಕಂತಿನಲ್ಲಿ ವಸೂಲು. ಲೇತಿನಲ್ಲಿ ತುಂಡನ್ನು ಹಿಡಿಯುವ ಚಕ್ಕಿನದು ಇನ್ನೊಂದು ತಕರಾರು. ತೆಳುಗೋಡೆಯ ಸಿಲಿಂಡರನ್ನು ಅದರ ಮೂರು ದವಡೆ ಬಿಗಿಹಿಡಿದರೆ ಕೊರೆದದ್ದು ಅಲ್ಲಿದ್ದಷ್ಟು ಹೊತ್ತು ದುಂಡಗೆ; ಬಿಡಿಸಿದೊಡನೆ ಮುಮ್ಮೂಲೆ. ಹಾಗಾಗಿ ತುಂಡು ದಪ್ಪಗಿರುವಾಗಲೇ ಒಳಗನ್ನು ಮುಗಿಸಿಕೊಂಡು ಹೊರಮೈ ಆಮೇಲೆ ಕಡೆಯಬೇಕು.

ಮೊಳಕಾಲ್ಮೂರಿನಿಂದ ಬಂದಿದ್ದ ಮಾವ ಈ ವೈಭವವನ್ನೆಲ್ಲ ಸ್ಟೂಲಿನ ಮೇಲೆ ಕೂತು ನೋಡಿದರು. ಅವರು ರೇಷ್ಮೆ ಸೀರೆ ನೇಯುವವರು, ಸಣ್ಣ ಎಳೆಯ ಕಷ್ಟ ಬಲ್ಲವರು. ಪಿಸ್ಟನ್ ಎತ್ತಿಕೊಂಡು ಸಿಲಿಂಡರಿಗೆ ಬಿಟ್ಟರು. ಅದು ಗಾಳಿಯ ಮೆತ್ತೆಯ ಮೇಲೆ ಕೂತು ನಿಧಾನ ಇಳಿಯಿತು.

"ಸರಿಯಾಗೈತಲ್ಲಪ್ಪ. ಇನ್ನೇನು ಅಳೀತಿದೀಯ?"

ಅಳತೆಗೆಂದು ಜಗತ್ತು ಒಪ್ಪಿಕೊಂಡಿರುವ ಶಾಖ 20 ಡಿಗ್ರಿ, ಶೆಡ್ಡಿನಲ್ಲಿ ಈಗ 40 ಇದೆ ಎಂದೆ. ಪಿಸ್ಟನ್ನಿನ ಅಲ್ಯೂಮಿನಿಯಂ ಸಿಲಿಂಡರಿನ ಬೀಡಿನ ಎರಡರಷ್ಟು ಹಿಗ್ಗುತ್ತದೆ. ಈಗ ಸರಿಹೊಂದಿದ ಪಿಸ್ಟನ್ 20 ಡಿಗ್ರಿಗೆ ಇಳಿದರೆ 4 ಮೈಕ್ರಾನಿನಷ್ಟು ಸಡಿಲ ಎಂದೂ ವಿವರಿಸಿದೆ.

ಮಾವ ಪಿಸ್ಟನ್ ಕೆಳಗಿಟ್ಟರು. "ಚಳ್ಳಕೆರೆಯಾಗೆ 20 ಡಿಗ್ರಿ ಯಾವಾಗ ಬರ್ತತೆ?"

"ಡಿಸೆಂಬರ್‌ನಾಗೆ, ಬೆಳಗಿನ ಜಾವ."

"ಹಂಗಾದ್ರೆ ಡಿಸೆಂಬರ್‌ನಾಗೆ ಅಳಿ. ಈಗ ಕೈ ತೊಳ್ಕೊಂಡು ಬಾ, ಮುದ್ದೆ ಆರ್ತೈತೆ."